ಕರಿಬಂಡಿ ಗುಡ್ಡದ ಎಂಬತ್ತಾರು ಮೆಟ್ಟಿಲು

ಗುಡ್ಡ ಹತ್ತುವುದು ಅರವತ್ತೊಂದು ವರ್ಷ ದಾಟಿದವನಿಗೆ ಹೇಳಿ ಮಾಡಿಸಿದ ಕೆಲಸವಲ್ಲ. ಆ ಶುಕ್ರವಾರ ಬೆಳಿಗ್ಗೆ ಕರಿಬಂಡಿ ಗುಡ್ಡದ ಕಾಲುದಾರಿಯಲ್ಲಿ ಅರ್ಧಕ್ಕೆ ಬರುವಷ್ಟರಲ್ಲಿ ಗುಲಾಮ ದಸ್ತಗೀರ ಮೇಸ್ತ್ರಿ ನಾಲ್ಕು ಸಲ ಕೂತು ಎದ್ದಿದ್ದ. ಐದನೆಯ ಸಲ ಕೂರಲು ನಾಚಿಕೆಯಾಗಿ, ಚಪ್ಪಲಿಯಲ್ಲಿ ಹರಳು ಸಿಕ್ಕಂತೆ ನಟಿಸಿ, ಬಿಚ್ಚಿ ಜಾಡಿಸಿದ. ಹಿಂದೆ ಬರುತ್ತಿದ್ದ ಹೆಂಡತಿ ನಜಮುನ್ನೀಸಾಗೆ ಇದು ಗೊತ್ತಾಗದೆ ಇರುತ್ತದೆಯೇ? ಮೂವತ್ತೆಂಟು ವರ್ಷದ ಸಂಸಾರ. ಆಕೆಯೂ ಒಂದು ಬಂಡೆಗೆ ಒರಗಿ ನಿಂತಳು.

"ದಮ್ಮು ಹತ್ತಿದ್ರ ಕುಂದ್ರಿ. ಇಲ್ಲಿ ಯಾರೂ ನೋಡಾಕತ್ತಿಲ್ಲ," ಅಂದಳು.

"ನನಗ್ಯಾಕ ದಮ್ಮು ಹತ್ತತದ? ಮೂರು ತಿಂಗಳು ದಿನಾ ಹತ್ತೀನಿ, ದಿನಾ ಇಳ್ದೀನಿ."

"ಅದಕ್ಕೇ ದಮ್ಮು ಹತ್ತ್ಯಾದ."

ಕರಿಬಂಡಿ ಗುಡ್ಡ ಇರುವುದು ಚಿಂಚೋಳಿಯ ಕಾಡಿನೊಳಗೆ. ಬೇರೆ ಕಡೆಯವರು ನೋಡಿದರೆ ಇದನ್ನು ದಿಬ್ಬ ಅಂದಾರು. ಆದರೆ ಸೇಡಂ, ಚಿತ್ತಾಪುರದ ಕರಿಮಣ್ಣಿನ ಬಯಲಲ್ಲಿ ಬೆಳೆದವರಿಗೆ ಇಷ್ಟು ಎತ್ತರವೇ ಹೆಚ್ಚು. ಕೆರೆಯ ಒಡ್ಡಿನಿಂದ ತುದಿಗೆ ಒಂದೂವರೆ ಮೈಲಿ ದಾರಿ. ಕೊನೆಯಲ್ಲಿ ಗುಡ್ಡ ಕಿರಿದಾಗಿ, ಕಡಿದಾಗಿ ಏಳುತ್ತದೆ. ಎಡಗಡೆ ಆಳದ ಕೊರಕಲು. ಮೊದಲು ಅಲ್ಲಿ ಆಡು ಕಾಯುವವರನ್ನು ಬಿಟ್ಟರೆ ಯಾರೂ ಹತ್ತುತ್ತಿರಲಿಲ್ಲ. ಈಗ ತುದಿಯ ನೋಟ ನೋಡಲು ಜನ ಬರಲಿ ಎಂದು ದಾರಿ ಮಾಡಿಸುವ ತೀರ್ಮಾನವಾಗಿ, ಗುತ್ತಿಗೆದಾರನೊಬ್ಬ ಶಹಾಬಾದಿನಿಂದ ದಸ್ತಗೀರನನ್ನು ಕರೆತಂದಿದ್ದ. ಆ ಕಡಿದಾದ ಜಾಗಕ್ಕೆ ಮೆಟ್ಟಿಲು ಈ ವರ್ಷ, ಕೈ ಹಿಡಿಯುವ ಕಬ್ಬಿಣದ ಕಂಬಿ ಮುಂದಿನ ವರ್ಷ. ಹೀಗೇಕೆ ಎಂದು ಕೇಳಿದರೆ ಉತ್ತರ ಕೊಡುವವರು ಯಾರೂ ಇರಲಿಲ್ಲ, ದಸ್ತಗೀರ ಕೇಳಲೂ ಇಲ್ಲ.

ಅವನಿಗೆ ಬೇರೆ ಯೋಚನೆ ಇತ್ತು. ಇದು ತನ್ನ ಕೊನೆಯ ಕೆಲಸ ಎಂದು ಅವನು ಊರೆಲ್ಲ ಸಾರಿಬಿಟ್ಟಿದ್ದ. ಮೊಣಕಾಲು ಸವೆದಿತ್ತು, ಕಲ್ಲಿನ ಪುಡಿ ಕುಡಿದ ಎದೆ ರಾತ್ರಿಯೆಲ್ಲ ಗೊರಗೊರ ಅನ್ನುತ್ತಿತ್ತು. ಭಾನುವಾರ ದಾರಿಯ ಉದ್ಘಾಟನೆ. ವಾಡಿಯ ನಿವೃತ್ತ ರೈಲ್ವೆ ನೌಕರರ ಸಂಘದವರು ಹೆಂಡಿರ ಸಮೇತ ಬಸ್ಸು ಮಾಡಿಕೊಂಡು ಬರುವವರಿದ್ದರು, ಮೊದಲು ಹತ್ತುವವರು ಅವರೇ. ಆ ಹೊತ್ತಿಗೆ ಮೇಸ್ತ್ರಿಗೆ ಶಾಲು ಹೊದಿಸುತ್ತೇವೆ ಎಂದು ಕೆಲಸದ ಉಸ್ತುವಾರಿಯ ಅಂಬರೇಶ ಮಾತು ಕೊಟ್ಟಿದ್ದ. ನಲವತ್ತೈದು ವರ್ಷ ಕಲ್ಲು ಹಾಸಿದವನಿಗೆ ಒಬ್ಬರೂ ಒಂದು ಟವೆಲ್ಲನ್ನೂ ಹೊದಿಸಿರಲಿಲ್ಲ. ಆ ಶಾಲಿನ ಮೇಲೆ ಅವನ ಜೀವ ಇತ್ತು ಎಂದರೆ ಸುಳ್ಳಲ್ಲ. ಜನ ತುಂಬುವ ಮೊದಲೇ ತನ್ನ ಕೆಲಸ ಹೆಂಡತಿಗೆ ತೋರಿಸಬೇಕೆಂದು ಅವಳನ್ನು ಗುರುವಾರವೇ ಕರೆಸಿಕೊಂಡಿದ್ದ. ಆಕೆ ಶಹಾಬಾದಿನಿಂದ ಮೂರು ಬಸ್ಸು ಬದಲಿಸಿ, ಸಂಜೆ ಗುಡ್ಡದ ಬುಡದ ತಗಡಿನ ಶೆಡ್ಡಿಗೆ ಬಂದು ಇಳಿದಿದ್ದಳು. ಅದೇ ರಾತ್ರಿ ಆ ವರ್ಷದ ಮೊದಲ ಮಳೆ ಬಿತ್ತು.

ಮೆಟ್ಟಿಲ ಬುಡಕ್ಕೆ ಬಂದಾಗ ದಸ್ತಗೀರ ಪಕ್ಕಕ್ಕೆ ಸರಿದು ನಿಂತ.

"ಈಗ ನೋಡು," ಅಂದ.

ನಿಜಕ್ಕೂ ನೋಡುವಂತೆ ಇತ್ತು. ಎಂಬತ್ತಾರು ಪರಸಿ, ಅಂದರೆ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲುಗಳು ಒಂದರ ಮೇಲೊಂದು, ಕೂದಲೆಳೆಯಷ್ಟೂ ಓರೆಯಿಲ್ಲದೆ, ಬೂದಿ ನೀಲಿ ಬಣ್ಣದಲ್ಲಿ ಮಳೆಗೆ ತೊಳೆದು ಹೊಳೆಯುತ್ತಿದ್ದವು. ಗುತ್ತಿಗೆದಾರ ಹೇಳಿದ್ದು ಕಲ್ಲನ್ನು ಗಣಿಯಿಂದ ಎದ್ದ ಹಾಗೇ ಹಾಕು ಎಂದು. ಆದರೆ ಶಹಾಬಾದಿನಲ್ಲಿ ಪಾಲಿಶ್ ಇಲ್ಲದ ಕಲ್ಲು ಹೋಗುವುದು ದನದ ಕೊಟ್ಟಿಗೆಗೆ, ಹಿತ್ತಲ ಬಚ್ಚಲಿಗೆ. ಜೀವಮಾನದ ಕೊನೆಯ ಕೆಲಸಕ್ಕೆ ಕೊಟ್ಟಿಗೆಯ ಕಲ್ಲು ಹಾಸಿ ಹೋಗುವುದು ಅವನ ಮನಸ್ಸಿಗೆ ಒಪ್ಪಲಿಲ್ಲ. ಗೆಳೆಯ ಸಿರಾಜುದ್ದೀನನ ಯಾರ್ಡಿನಲ್ಲಿ ಮಷೀನಿನ ಮುಂದೆ ತಾನೇ ನಿಂತು, ಎಂಬತ್ತಾರಕ್ಕೂ ಮುಖ ಕಾಣುವಷ್ಟು ಪಾಲಿಶ್ ಮಾಡಿದ್ದ. ಮಾರ್ಚ್, ಏಪ್ರಿಲ್, ಮೇ, ಮೂರೂ ತಿಂಗಳು ಒಂದು ಹನಿ ನೀರು ಬೀಳದ ಬಿಸಿಲಿನಲ್ಲಿ ಹಾಸಿದ್ದ. ಅಂಬರೇಶ ಫೋಟೋ ತೆಗೆದು ಮೇಲಿನವರಿಗೆಲ್ಲ ಕಳಿಸಿದ್ದ.

"ಛಲೋ ಆಗ್ಯಾದ ರೀ," ಎಂದು ನಜಮುನ್ನೀಸಾ ಮನಸಾರೆ ಹೇಳಿ ಹತ್ತತೊಡಗಿದಳು. ಅವನ ಆಯಾಸವೆಲ್ಲ ಇಳಿದಂತಾಯಿತು.

ಏಳನೆಯ ಮೆಟ್ಟಿಲಲ್ಲಿ ಆಕೆಯ ಕಾಲು ಜಾರಿತು. ಸೊಂಟ ಕಲ್ಲಿಗೆ ಬಡಿದು, ಮೈ ಎಡಕ್ಕೆ, ಕೊರಕಲಿನ ಕಡೆಗೆ ಹೊರಳಿತು. ಹಿಂದೆಯೇ ಇದ್ದ ದಸ್ತಗೀರ ಸೆರಗನ್ನೂ ತೋಳನ್ನೂ ಒಟ್ಟಿಗೆ ಹಿಡಿದು ಎಳೆದ. ಇಬ್ಬರೂ ಮೆಟ್ಟಿಲ ಮೇಲೆ ಕುಸಿದರು. ಕೆಳಗೆ ಕೊರಕಲಲ್ಲಿ ಆಕೆಯ ಒಂದು ಚಪ್ಪಲಿ ಕಲ್ಲಿಂದ ಕಲ್ಲಿಗೆ ಬಡಿದುಕೊಂಡು ಹೋಗುವ ಸದ್ದು ಕೇಳಿತು, ಆಮೇಲೆ ಕೇಳಲಿಲ್ಲ.

ನಜಮುನ್ನೀಸಾ ಕೂತಲ್ಲೇ ಒದ್ದೆ ಕಲ್ಲಿನ ಮೇಲೆ ಅಂಗೈ ಆಡಿಸಿದಳು.

"ಇದು ಮದವಿ ಮನಿ ಒಳಗ ಹಾಸೂ ಕಲ್ಲು," ಅಂದಳು. "ಗುಡ್ಡದಾಗ ಇದಕ್ಕ ಮಾಳಿಗಿ ಎಲ್ಲದ?"

"ಚಪ್ಪಲಿ ಸವದಿತ್ತು ನಿಂದು."

"ಚಪ್ಪಲಿ ಹ್ವಾದ ತಿಂಗಳ ತಗೊಂಡೀನಿ. ಸುಮ್ನ ಚಪ್ಪಲಿ ಮ್ಯಾಗ ಹಾಕಬ್ಯಾಡ್ರಿ. ಐತವಾರ ವಾಡಿಯಿಂದ ಬರೋರು ನಮ್ಮಕಿಂತ ವಯಸ್ಸಾದವ್ರು. ಅವರನ್ನ ಹಿಂದಿಂದ ಹಿಡಿಯಾಕ ಯಾರು ಇರ್ತಾರ?"

ದಸ್ತಗೀರನಿಗೆ ಸಿಟ್ಟು ನೆತ್ತಿಗೇರಿತು. ಸತ್ಯ ಕೇಳಿದಾಗ ಅವನಿಗೆ ಮೊದಲು ಬರುವುದು ಸಿಟ್ಟೇ. "ನಿಮ್ಮ ಅಪ್ಪನ ಮನಿಯವ್ರಿಗೆ ಕಲ್ಲಿಗೆ ಗಾಯ ಮಾಡೋದು ಗೊತ್ತು, ಅಷ್ಟೇ. ಹೊಳಪು ಕಂಡ್ರ ನಿಮಗ ಆಗಿಬರಂಗಿಲ್ಲ," ಎಂದು ಒದರಿ, ಅವಳನ್ನು ಅಲ್ಲೇ ಕೂರಿಸಿ ತಾನೊಬ್ಬನೇ ಮೇಲೆ ಹತ್ತಿದ.

ಈ ಮಾತಿಗೆ ಹಿಂದಿನದೊಂದು ಕತೆ ಇದೆ. ನಜಮುನ್ನೀಸಾಳ ತವರಿನವರು ಊರೂರು ತಿರುಗಿ ಬೀಸುವ ಕಲ್ಲಿಗೆ, ಒಳಕಲ್ಲಿಗೆ ಟಾಕಿ ಹೊಡೆಯುವವರು. ಅಂದರೆ ಸವೆದು ನುಣ್ಣಗಾದ ಕಲ್ಲನ್ನು ಚಾಣದಿಂದ ಕುಕ್ಕಿ ಮತ್ತೆ ಒರಟು ಮಾಡುವವರು. ಮನೆಮನೆಗೆ ಮಿಕ್ಸರ್ ಬಂದು ಆ ಕಸುಬು ಮುಳುಗಿಹೋಗಿ ಎಷ್ಟೋ ಕಾಲವಾಯಿತು. ದಸ್ತಗೀರನ ಮನೆತನ ಮೂರು ತಲೆಮಾರಿನಿಂದ ಕಲ್ಲಿಗೆ ಹೊಳಪು ಕೊಡುವವರದು. ನಾವು ನುಣುಪು ಮಾಡುವವರು, ನೀವು ಕೆಡಿಸುವವರು ಎಂದು ಮದುವೆಯಾದ ವಾರದಿಂದ ಅವನು ಅವಳನ್ನು ಕಾಡುತ್ತ ಬಂದಿದ್ದ. ತಮಾಷೆ ಎಂದೇ ಹೇಳುತ್ತಿದ್ದ. ಮೂವತ್ತೆಂಟು ವರ್ಷ ಒಂದೇ ತಮಾಷೆ ಕೇಳಿದವರಿಗೆ ಅದು ತಮಾಷೆಯಾಗಿ ಉಳಿದಿರುವುದಿಲ್ಲ.

ಸಿಟ್ಟಿನ ಬಲದಿಂದ ಹದಿನೈದು ಮೆಟ್ಟಿಲು ಹತ್ತಿದ. ಹದಿನಾರನೆಯದರಲ್ಲಿ ಅವನ ಕಾಲೂ ಜಾರಿತು. ಮುಂದಿನದನ್ನೆಲ್ಲ ಕೈ ಊರಿಕೊಂಡು ನಾಲ್ಕು ಕಾಲಿನಲ್ಲಿ ಹತ್ತಿದ.

ತುದಿಯಲ್ಲಿ ಗಾಳಿ ಇತ್ತು. ಮಳೆ ತೊಳೆದ ಬಯಲು ದೂರದವರೆಗೂ ಬಿಚ್ಚಿಕೊಂಡಿತ್ತು: ಕೆಳಗೆ ಕೆರೆಯ ನೀರು, ಅದರಾಚೆ ಕಾಡು, ಕಾಡಿನಾಚೆ ಬಿತ್ತನೆಗೆ ಹರಗಿಟ್ಟ ತೊಗರಿ ಹೊಲಗಳು, ಒಂದು ತಾಂಡಾದ ಹೆಂಚುಗಳು, ಸೇಡಂ ದಿಕ್ಕಿಗೆ ಸಿಮೆಂಟ್ ಕಾರ್ಖಾನೆಯ ತೆಳ್ಳನೆ ಹೊಗೆ, ಮೂಡಣಕ್ಕೆ ತೆಲಂಗಾಣದ ಗುಡ್ಡಗಳು ಒಂದರ ಹಿಂದೊಂದು. ಬಹಳ ಚೆನ್ನಾಗಿತ್ತು. ನೋಡುತ್ತ ನೋಡುತ್ತ ಇಳಿಯಲೆಂದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ ದಸ್ತಗೀರ ಅಲ್ಲೇ ನಿಂತುಬಿಟ್ಟ. ತಾನು ಕಾಲ ಕಡೆ ನೋಡಿಯೇ ಇರಲಿಲ್ಲ. ಹತ್ತುವಾಗ ಮುಖ ಗುಡ್ಡದ ಕಡೆ ಇರುತ್ತದೆ, ಕಣ್ಣು ಮೆಟ್ಟಿಲ ಮೇಲಿರುತ್ತದೆ. ಇಳಿಯುವಾಗ ಎದುರಿಗೆ ಇಷ್ಟು ದೊಡ್ಡ ನೋಟ ಇಟ್ಟುಕೊಂಡು ಯಾರು ತಾನೇ ತಲೆ ತಗ್ಗಿಸಿ ಕಲ್ಲು ನೋಡುತ್ತಾರೆ? ಜನ ಬರುವುದೇ ಆ ನೋಟಕ್ಕೆ. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡ.

ಆಮೇಲೆ ಅವನಿಗೆ ಇನ್ನೂ ಒಂದು ಹೊಳೆಯಿತು. ಇಷ್ಟು ವರ್ಷ ತಾನು ಹಾಸಿದ ಕಲ್ಲಿಗೆಲ್ಲ ಮೇಲೊಂದು ಮಾಳಿಗೆ, ಒಂದು ಸೂರು ಇತ್ತು. ಬಯಲಲ್ಲಿ, ಮಳೆ ಬೀಳುವ ಜಾಗದಲ್ಲಿ ಹಾಸಿದ್ದು ಇದೇ ಮೊದಲು. ಹೆಂಡತಿ ಒಂದು ಮಾತಿನಲ್ಲಿ ಹೇಳಿದ್ದನ್ನು ತಿಳಿದುಕೊಳ್ಳಲು ಅವನಿಗೆ ಗುಡ್ಡದ ತುದಿಯವರೆಗೆ ಬರಬೇಕಾಯಿತು.

ಫೋನಿಗೆ ಸಿಗ್ನಲ್ ಸಿಗುವುದೂ ಆ ತುದಿಯಲ್ಲೇ. ಅಂಬರೇಶನಿಗೆ ಫೋನು ಹಚ್ಚಿ ಎಲ್ಲ ಹೇಳಿದ. ಕಲ್ಲಿನ ಮುಖ ಕುಕ್ಕಿ ಒರಟು ಮಾಡದಿದ್ದರೆ ಯಾರಾದರೂ ಬೀಳುತ್ತಾರೆ ಎಂದ.

"ಚಾಚಾ, ತಲಿ ಕೆಟ್ಟದ ಏನು?" ಎಂದ ಅಂಬರೇಶ. "ಫೋಟೋ ನೋಡಿ ಎಲ್ಲಾರೂ ಭಾಳ ಖುಷಿ ಆಗ್ಯಾರ. ಈಗ ಚಾಣ ಹಚ್ಚಿ ಕೆಡಿಸಿದ್ರ ನಾ ಏನು ಜವಾಬು ಕೊಡ್ಲಿ? ಜಾರತದ, ಹುಷಾರು ಅಂತ ಒಂದು ಬೋರ್ಡ್ ಹಾಕಸ್ತೀನಿ. ನೀವು ಕಲ್ಲು ಮುಟ್ಟಬ್ಯಾಡ್ರಿ. ಮುಟ್ಟಿದ್ರ ಐತವಾರ ನಿಮ್ಮ ಹೆಸರು ಕರಿಯಂಗಿಲ್ಲ, ಮೊದಲೇ ಹೇಳ್ತೀನಿ."

ಫೋನು ಜೇಬಿಗೆ ಹಾಕಿಕೊಂಡು ದಸ್ತಗೀರ ಕೂತ. ಬೋರ್ಡು ಹಾಕಿದರೆ ತನ್ನ ಮೇಲಿನ ಭಾರ ಇಳಿಯುತ್ತದೆ, ಅದು ನಿಜ. ಶಾಲು ಬರುತ್ತದೆ. ಮನೆಗೆ ಹೋಗಿ ಮಲಗಬಹುದು. ಮೈಯ ಒಂದೊಂದು ಕೀಲೂ ಹೋಗೋಣ ನಡಿ ಅನ್ನುತ್ತಿತ್ತು. ಅಷ್ಟು ದಣಿದಿದ್ದ ಅವನಿಗೆ, ಒಂದು ಗಳಿಗೆ ಅದೇ ಸರಿ ಎಂದು ಕಂಡದ್ದನ್ನು ಮುಚ್ಚಿಡುವುದೇಕೆ? ಆದರೆ ಕೊರಕಲಲ್ಲಿ ಬಡಿದುಕೊಂಡು ಹೋದ ಚಪ್ಪಲಿಯ ಸದ್ದು ಕಿವಿಯಿಂದ ಹೋಗಿರಲಿಲ್ಲ.

ನಿಂತು ಕೆಳಗಿಳಿಯಲು ಧೈರ್ಯ ಸಾಲಲಿಲ್ಲ. ಪೃಷ್ಠ ಊರಿ, ಒಂದೊಂದೇ ಮೆಟ್ಟಿಲು ಕೂತು ಕೂತು ಇಳಿದ. ತನ್ನ ಕೈಯಾರೆ ಹಾಸಿದ ಮೆಟ್ಟಿಲನ್ನು ಮಗುವಿನಂತೆ ಇಳಿಯುವುದನ್ನು ಹೆಂಡತಿ ಕೆಳಗಿನಿಂದ ನೋಡುತ್ತಿದ್ದಾಳೆ ಎಂಬುದು ಅವನಿಗೆ ಗೊತ್ತಿತ್ತು. ಏಳನೆಯ ಮೆಟ್ಟಿಲಿಗೆ ಬಂದು ಅವಳ ಪಕ್ಕ ನಿಂತ.

"ಸೊಂಟ ಭಾಳ ನೋಯ್ತದ?"

"ನೋಯ್ತದ."

"ನಜಮಾ, ನಿಮ್ಮ ಅಪ್ಪ ಟಾಕಿ ಹೊಡಿಯೂ ರೀತಿ ನಿನಗ ನೆನಪದ ಏನು?"

"ಕಲ್ಲಿಗೆ ಗಾಯ ಆಗ್ತದ," ಅಂದಳು.

"ಆಗ್ಲಿ."

"ಹಾಂಗಲ್ಲ. ಸರಿಯಾಗಿ ಕೇಳ್ರಿ."

ದಸ್ತಗೀರ ಕೆರೆಯ ಕಡೆ ನೋಡಿದ, ಕೈ ನೋಡಿಕೊಂಡ. "ನನಗ ಬರಂಗಿಲ್ಲ. ನೀ ಹೇಳಿಕೊಡು," ಅಂದ. ಈ ಮಾತು ಹೊರಬರಲು ಮೂವತ್ತೆಂಟು ವರ್ಷ ಹಿಡಿದಿತ್ತು, ಆದರೆ ಬಂದಮೇಲೆ ಅಷ್ಟೇನೂ ಭಾರ ಅನಿಸಲಿಲ್ಲ.

ಶೆಡ್ಡಿನಿಂದ ಎರಡು ಚಾಣ, ಎರಡು ಸುತ್ತಿಗೆ ತಂದ. ಎರಡನೆಯ ಸಲ ಗುಡ್ಡ ಹತ್ತಿದ್ದಕ್ಕೇ ಅವನ ಉಸಿರು ಅರ್ಧ ಹೋಗಿತ್ತು. ನಜಮುನ್ನೀಸಾ ಸೆರಗು ಬಿಗಿದು, ಕಾಲು ಚಾಚಿ ಕೂತು ಚಾಣ ಹಿಡಿದಳು. ಮೊದಲ ಪೆಟ್ಟಿಗೇ ಕಲ್ಲಿನ ಒಂದು ಪದರು ಹಪ್ಪಳದ ಹಾಗೆ ಎದ್ದುಬಂತು. ಬೀಸುವ ಕಲ್ಲು ಕರಿಕಲ್ಲು, ಗಟ್ಟಿ. ಪರಸಿ ಪದರು ಪದರಿನ ಕಲ್ಲು, ನೇರ ಹೊಡೆದರೆ ಸೀಳುತ್ತದೆ. ಅದು ದಸ್ತಗೀರನಿಗೆ ಗೊತ್ತಿತ್ತು, ಅವಳಿಗಲ್ಲ.

"ಓರೆ ಹಿಡಿ. ಪದರು ಈ ಕಡಿಂದ ಆ ಕಡಿ ಹೋಗ್ಯಾದ ನೋಡು."

"ಹಂಗಾದ್ರ ಪೆಟ್ಟು ಹಗರ ಇರ್ಬೇಕು. ಮಣಿಕಟ್ಟಿಂದ ಹೊಡೀರಿ, ತೋಳಿಂದ ಬ್ಯಾಡ. ಪೂರಾ ಕಲ್ಲು ಬ್ಯಾಡ್ರಿ, ಕಾಲು ಬೀಳೋ ಅಂಚಿಗೆ ಒಂದು ಗೇಣು ಸಾಕು."

ಹೀಗೆ ಒಬ್ಬರಿಗೆ ಗೊತ್ತಿರದ್ದು ಒಬ್ಬರು ಹೇಳುತ್ತ, ಮೂರನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಕೆಲಸಕ್ಕೆ ಒಂದು ಹದ ಬಂತು. ಮಸೀದಿಯ ಜುಮ್ಮಾದ ನಮಾಜು ತಪ್ಪಿತು. ಚಿಂಚೋಳಿಗೆ ಹೋಗಿ ಬರುವಷ್ಟು ಹೊತ್ತೂ ಇರಲಿಲ್ಲ, ಕಾಲೂ ಇರಲಿಲ್ಲ. ಕಾಲುದಾರಿಯ ಪಕ್ಕ ಟವೆಲ್ ಹಾಸಿ ಮಧ್ಯಾಹ್ನದ ನಮಾಜು ಮಾಡಿಕೊಂಡ. ಸಜದಾಕ್ಕೆ ಹಣೆ ಊರಿ ಬಗ್ಗಿದವನು ಅಲ್ಲೇ ನಿದ್ದೆ ಹೋಗಿಬಿಡುತ್ತಿದ್ದ, ನಜಮುನ್ನೀಸಾಳ ಸುತ್ತಿಗೆಯ ಸದ್ದು ಎಬ್ಬಿಸಿತು. ಶುಕ್ರವಾರ ಕತ್ತಲಾಗುವ ಮೊದಲು ಮೂವತ್ತೆಂಟು ಮೆಟ್ಟಿಲು ಆದವು. ಶನಿವಾರ ಮುಂಜಾನೆ ಇಬ್ಬರಿಗೂ ಬೆರಳು ಮಡಿಸಲು ಆಗಲಿಲ್ಲ. ಬಿಸಿನೀರಲ್ಲಿ ಕೈ ಅದ್ದಿಕೊಂಡು, ಜೋಳದ ರೊಟ್ಟಿ ತಿಂದು ಮತ್ತೆ ಹತ್ತಿದರು. ಐವತ್ತು, ಅರವತ್ತು, ಎಪ್ಪತ್ತು. ಪ್ರತಿ ಪೆಟ್ಟಿಗೂ ಅವನು ಕೊಟ್ಟ ಹೊಳಪು ಬಿಳಿ ಪುಡಿಯಾಗಿ ಏಳುತ್ತಿತ್ತು. ಎಪ್ಪತ್ತೆರಡನೆಯ ಕಲ್ಲಿನ ಹತ್ತಿರ ಅವನು ಸುತ್ತಿಗೆ ಕೆಳಗಿಟ್ಟು ಅತ್ತುಬಿಟ್ಟ. ಕೈ ನೋವಿಗೂ ಅತ್ತ, ಕಲ್ಲಿಗೂ ಅತ್ತ. ನಜಮುನ್ನೀಸಾ ಅವನ ಚಾಣ ಎತ್ತಿಕೊಂಡಳು. ಅವನ ಪಾಲಿನ ಆ ಮೆಟ್ಟಿಲನ್ನೂ ತಾನೇ ಮುಗಿಸಿದಳು. ಹೊತ್ತು ಮುಳುಗುವಾಗ ಎಂಬತ್ತಾರೂ ಮುಗಿದವು.

ಭಾನುವಾರ ಅಂಬರೇಶ ಮೆಟ್ಟಿಲು ನೋಡಿ ಮುಖ ತಿರುಗಿಸಿ ಕೆಳಗಿಳಿದ. ಬೈದಿದ್ದರೆ ಒಳ್ಳೆಯದಿತ್ತು. ಗುಡ್ಡದ ಬುಡದಲ್ಲಿ ರಿಬ್ಬನ್ ಕತ್ತರಿಸಿದರು, ಭಾಷಣ ಆಯಿತು, ಬಂದ ದೊಡ್ಡವರಿಗೆ ಶಾಲು ಹೊದಿಸಿದರು. ಒಂದು ಶಾಲು ಮಡಿಚಿದ್ದು ಮಡಿಚಿದ ಹಾಗೇ ಅಂಬರೇಶನ ಚೀಲದಲ್ಲಿ ಉಳಿಯಿತು. ಅದನ್ನು ದಸ್ತಗೀರ ಕಂಡ, ಅವನು ಕಂಡದ್ದನ್ನು ಅಂಬರೇಶನೂ ಕಂಡ. ವಾಡಿಯವರು ಹತ್ತತೊಡಗಿದಾಗ ಗಂಡ ಹೆಂಡತಿ ಅವರ ಹಿಂದೆಯೇ ಮೆಟ್ಟಿಲ ಬುಡದವರೆಗೆ ಹೋಗಿ ಒಂದು ಬಂಡೆಯ ಮೇಲೆ ಕೂತರು. ನಲವತ್ತೊಂದು ಜನ ಮೇಲೆ ಹೋದರು, ದಸ್ತಗೀರ ಒಬ್ಬೊಬ್ಬರನ್ನೂ ಎಣಿಸಿದ. ಗಾರ್ಡುಗಳು, ಲೈನ್‌ಮನ್‌ಗಳು, ಗ್ಯಾಂಗ್‌ಮನ್‌ಗಳು, ಅವರ ಹೆಂಡಂದಿರು. ಮಂಡಿಗೆ ಪಟ್ಟಿ ಕಟ್ಟಿಕೊಂಡವರು, ಕೋಲು ಹಿಡಿದವರು.

ಎಲ್ಲರೂ ತುದಿಯಲ್ಲಿರುವಾಗ ಮಳೆ ಬಂತು. ಸಣ್ಣ ಮಳೆಯಲ್ಲ, ಎರಡು ಮಾರು ದೂರದ್ದು ಕಾಣದ ಮಳೆ. ದಸ್ತಗೀರ ಎದ್ದು ನಿಂತ. ತುಸು ಹೊತ್ತಿಗೆ ಮಳೆ ತೆಳುವಾಯಿತು, ಕೆರೆಯ ಮೇಲೆ ಬಿಸಿಲು ಬಿತ್ತು. ಆ ಜನ ಇಳಿಯತೊಡಗಿದರು. ಅವನಂದುಕೊಂಡ ಹಾಗೇ ಒಬ್ಬರಾದರೂ ಕಾಲ ಕಡೆ ನೋಡುತ್ತಿರಲಿಲ್ಲ. ಅಲ್ಲಿ ನೋಡು, ಇಲ್ಲಿ ನೋಡು ಎಂದು ಕೈ ತೋರಿಸುತ್ತ, ಫೋಟೋ ತೆಗೆಯುತ್ತ, ನಗುತ್ತ ಇಳಿಯುತ್ತಿದ್ದರು. ದಸ್ತಗೀರನ ತುಟಿ ಮಾತ್ರ ಅಲುಗುತ್ತಿತ್ತು. ಹತ್ತು, ಹನ್ನೊಂದು, ಹನ್ನೆರಡು. ನಜಮುನ್ನೀಸಾ ಅವನ ಅಂಗಿಯ ತೋಳು ಹಿಡಿದು ನಿಂತಿದ್ದಳು.

ಕೊನೆಗೆ ಬಂದವರು ನಿವೃತ್ತ ಗಾರ್ಡ್ ಅಂಬರಾಯ ಮತ್ತು ಅವರ ಹೆಂಡತಿ ಭೀಮಮ್ಮ. ಭೀಮಮ್ಮ ದಪ್ಪ ಹೆಂಗಸು, ಗಂಡನ ತೋಳಿಗೆ ಜೋತುಬಿದ್ದು ಅಡ್ಡಡ್ಡ ಇಳಿಯುತ್ತಿದ್ದಳು. ಮಧ್ಯದಲ್ಲೊಂದು ಕಡೆ ಕೆರೆ ನೋಡಲು ತಿರುಗಿದಳು, ಒದ್ದೆ ಹಿಮ್ಮಡಿ ಹೊಳಪು ಉಳಿದಿದ್ದ ಒಳಗಿನ ಭಾಗದ ಮೇಲೆ ಬಿದ್ದು ಜಾರಿತು, ಅಂಚಿನ ಒರಟಿಗೆ ಬಂದು ನಿಂತುಬಿಟ್ಟಿತು. ಮೈ ಒಂದಿಷ್ಟೂ ವಾಲಲಿಲ್ಲ. ಜಾರಿದ್ದು ಆಕೆಗೆ ತಿಳಿಯಲೇ ಇಲ್ಲ. ಕೆರೆಯಲ್ಲಿ ಹಕ್ಕಿ ಇವೆ ಎಂದು ಗಂಡನಿಗೆ ಹೇಳುತ್ತಲೇ ಇದ್ದಳು.

ಕೆಳಗೆ ಬಂದ ಗಾರ್ಡ್ ಅಂಬರಾಯ ನಿಂತು, ಬೂಟಿನ ತುದಿಯಿಂದ ಮೆಟ್ಟಿಲು ಕೆರೆದು ನೋಡಿದರು.

"ಇವು ಯಾರು ಹಾಕಿದ್ದೋ ಮಾರಾಯಾ. ಶಹಾಬಾದ ಇಷ್ಟು ಸಮೀಪ ಅದ, ಒಂದು ನೆಟ್ಟಗ ಪಾಲಿಶ್ ಮಾಡಾಕ ಆಗ್ಲಿಲ್ಲೇನು? ಕೋಳಿ ಕೆದರಿದಂಗ ಮಾಡಿಟ್ಟಾರ."

ನಜಮುನ್ನೀಸಾ ಗಂಡನ ಮುಖ ನೋಡಿದಳು. ಕಲ್ಲಿನ ವಿಷಯಕ್ಕೆ ಯಾರಾದರೂ ಕುಂದು ಹೇಳಿದರೆ ಜಗಳಕ್ಕೆ ನಿಲ್ಲುವ ಮನುಷ್ಯ ಅವನು.

"ನಾವೇ ಹಾಕೀವ್ರಿ," ಎಂದ ದಸ್ತಗೀರ. "ನಾನು, ಇಕಿ. ಇಬ್ರೂ ಕೂಡಿ ಮಾಡೀವಿ."

"ಹಾಂ, ಇರ್ಲಿ ಬಿಡ್ರಿ," ಎಂದು ಗಾರ್ಡ್ ಅಂಬರಾಯ ಸಂಕೋಚದಿಂದ ಹೆಂಡತಿಯ ಕೈ ಹಿಡಿದು ಮುಂದೆ ನಡೆದರು.

ದಸ್ತಗೀರ ಅವರ ಬೆನ್ನು ನೋಡುತ್ತ, "ನಲವತ್ತು, ನಲವತ್ತೊಂದು," ಎಂದು ಗಟ್ಟಿಯಾಗಿ ಎಣಿಸಿ ಮುಗಿಸಿದ. ಆಮೇಲೆ ಒದ್ದೆ ಮೆಟ್ಟಿಲ ಮೇಲೆಯೇ ಹೆಂಡತಿಯ ಪಕ್ಕ ಕೂತುಬಿಟ್ಟ.